ಕಾಡು ಬೇರೆ, ಫಾರೆಸ್ಟು ಬೇರೆ

ಅಜ್ಜೀಪುರದ ಕಡೆ ಒಂದೇ ಬೆಟ್ಟಸಾಲಿಗೆ ಮೂರು ಹೆಸರು. ದನ ಮೇಯಲು ಹೋಗುವುದು ಕಾಡಿಗೆ. ದೇವರು ಮಾದಪ್ಪ ನೆಲೆಸಿರುವುದು ಮಲೆಯಲ್ಲಿ. ಕೇಸು ಬೀಳುವುದು ಮಾತ್ರ ಫಾರೆಸ್ಟಿನಲ್ಲಿ. ‘ಕಾಡಿನೋರು ಹಿಡುದ್ರು’ ಎಂದು ಹನೂರು ಸೀಮೆಯಲ್ಲಿ ಯಾರೂ ಹೇಳುವುದಿಲ್ಲ. ‘ಫಾರೆಸ್ಟ್‌ನೋರು ಹಿಡುದ್ರು’ ಎನ್ನುತ್ತಾರೆ. ಇದನ್ನು ಕೇಳಿ ಕನ್ನಡ ಕೆಟ್ಟಿತೆಂದು ಮರುಗುವವರಿದ್ದಾರೆ. ನನಗೇನೋ ಈ ಬೆರಕೆ ಮಾತಿನಲ್ಲೇ ಹೆಚ್ಚು ಖಚಿತತೆ ಕಾಣುತ್ತದೆ.

ಏಕೆಂದರೆ ‘ಫಾರೆಸ್ಟ್’ ಹುಟ್ಟಿದ ಕಾಲಕ್ಕೆ ಅದಕ್ಕೂ ಮರಕ್ಕೂ ಅಂಥ ನಂಟೇ ಇರಲಿಲ್ಲ. ಹೊರಗೆ, ಬಾಗಿಲಾಚೆ ಎಂಬರ್ಥದ ಲ್ಯಾಟಿನ್ ‘ಫೋರಿಸ್’ನಿಂದ ಅದು ಬಂತೆಂಬುದು ಬಹುಪಾಲು ಪಂಡಿತರ ಮತ. ಹಾಗಾದರೆ ‘ಫಾರಿನ್’ ಅದರ ದಾಯಾದಿ, ಸಂಸ್ಕೃತದ ‘ದ್ವಾರ’ ದೂರದ ನೆಂಟ. ನಾರ್ಮನ್ ದೊರೆಗಳ ಇಂಗ್ಲೆಂಡಿನಲ್ಲಿ ಫಾರೆಸ್ಟ್ ಎಂದರೆ ಅರಸನ ಬೇಟೆಗೆ ಮೀಸಲಾಗಿ, ನಾಡಿನ ಸಾಮಾನ್ಯ ಕಾನೂನಿನಿಂದ ಹೊರಗಿಟ್ಟ ನೆಲ. ಮರವೇ ಅಪರೂಪವಾದ ಡಾರ್ಟ್‌ಮೂರ್ ಬಯಲೂ ಫಾರೆಸ್ಟೇ. ಗೆರೆಯೊಳಗೆ ಹಳ್ಳಿಗಳಿದ್ದವು, ಹೊಲಗಳಿದ್ದವು. ಸೌದೆಗೆ, ಮೇವಿಗೆ, ಹಂದಿ ಮೇಯಿಸುವುದಕ್ಕೆ ಅಲ್ಲಿನವರು ಹಕ್ಕು ಕೇಳಿದ ಮೇಲೆಯೇ 1217ರ ಫಾರೆಸ್ಟ್ ಸನ್ನದು ಹೊರಟದ್ದು.

ನಮ್ಮಲ್ಲಿಗೆ ಬಂದದ್ದೂ ಈ ಅರ್ಥವೇ. ಕೊಳ್ಳೇಗಾಲ ಸೀಮೆ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1882ರ ಮದ್ರಾಸ್ ಫಾರೆಸ್ಟ್ ಆಕ್ಟ್ ಇಲ್ಲಿನ ಬೆಟ್ಟಗಳಿಗೂ ಲಾಗೂ ಆಯಿತು. ಮರ ಅವೇ, ಹಳ್ಳ ಅವೇ. ‘ರಿಸರ್ವ್’ ಎಂಬ ಗೆರೆ ಬಿದ್ದ ಮೇಲೆ ಬದಲಾದದ್ದು ಮನುಷ್ಯನ ಸ್ಥಾನ: ನಿನ್ನೆ ಸೌದೆ ಹೊತ್ತು ತಂದವನು ಇವತ್ತು ಆರೋಪಿ. ಈ ವ್ಯತ್ಯಾಸಕ್ಕೆ ಹಳ್ಳಿಯವರ ಬಳಿ ಪದವಿರಲಿಲ್ಲ. ಬಂದ ಪದವನ್ನು ಬಂದ ಅರ್ಥದಲ್ಲೇ ಇಟ್ಟುಕೊಂಡರು. ಪದದ ಅರ್ಥ ಅದರ ಬಳಕೆಯಲ್ಲಿದೆ ಎಂದ ವಿಟ್‌ಗೆನ್‌ಸ್ಟೈನ್‌ನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

‘ಅರಣ್ಯ’ ಎಂದರೆ ಸಾಲದೇ ಎಂದು ಕೇಳಬಹುದು. ಆ ಪದದ ಬುಡದಲ್ಲಿರುವ ವೈದಿಕ ‘ಅರಣ’ಕ್ಕೂ ದೂರದ, ಪರಕೀಯ ಎಂದೇ ಅರ್ಥ. ಅಚ್ಚಗನ್ನಡದ ‘ಕಾಡು’ ಕೂಡ ‘ನಾಡಿ’ಗೆ ಎದುರಾಗಿಯೇ ನಿಂತಿದೆ. ಮೂರೂ ಊರಬಾಗಿಲಲ್ಲಿ ನಿಂತು ಹೊರಗೆ ನೋಡಿದವರ ಮಾತುಗಳು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನೋಟ ಬೇರೆ. ಅವರಲ್ಲಿ ಕುಲಕ್ಕೊಂದು ‘ಎಲ್ಲೆ’. ಆ ಎಲ್ಲೆಗೆ ಅದರದೇ ದೇವರು, ಮಾರಿ, ವೀರರ ತಾಣಗಳು. ನಮಗೆ ಎಲ್ಲೆಯೆಂದರೆ ಮುಗಿಯುವ ಗೆರೆ, ಅವರಿಗೆ ಒಳಗಿನ ನೆಲೆ. ಪೋಡಿನ, ಅಂದರೆ ಅವರ ಹಾಡಿಯ, ಅಂಗಳದಲ್ಲಿ ನಿಂತವರಿಗೆ ಹೊರಗಿನದು ನಮ್ಮ ಊರೇ ಇರಬೇಕು.

1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ‘ಫಾರೆಸ್ಟ್’ ಪದಕ್ಕೆ ನಿಘಂಟಿನ ಅರ್ಥವನ್ನೇ ಹಿಡಿಯಬೇಕೆಂದಿತು. ಮರ ಉಳಿಸುವ ಮಟ್ಟಿಗೆ ಅದು ದೊಡ್ಡ ಆದೇಶ, ಅನುಮಾನವಿಲ್ಲ. ಆದರೆ ನಿಘಂಟಿನಲ್ಲಿ ಮರ ಸಿಗುತ್ತದೆ, ಮನುಷ್ಯ ಸಿಗುವುದಿಲ್ಲ. ಆ ಆದೇಶದ ಮೇರೆಗೆ ಕರ್ನಾಟಕದಲ್ಲಿ ಮೊದಲು ಸುಮಾರು 9.94 ಲಕ್ಷ ಹೆಕ್ಟೇರ್ ‘ಡೀಮ್ಡ್ ಫಾರೆಸ್ಟ್’, ಅಂದರೆ ಫಾರೆಸ್ಟೆಂದು ಭಾವಿಸಬೇಕಾದ ನೆಲ, ಎನಿಸಿಕೊಂಡಿತ್ತು; 2022ರಲ್ಲಿ ಅದು ಸುಮಾರು 3.3 ಲಕ್ಷಕ್ಕಿಳಿಯಿತು. ಅಷ್ಟೂ ನೆಲ ಇದ್ದಲ್ಲೇ ಇತ್ತು, ಹೋದದ್ದು ಪದ. ಅರಣ್ಯ ಸಂರಕ್ಷಣಾ ಕಾಯ್ದೆಯ 2023ರ ತಿದ್ದುಪಡಿ ಅರ್ಥವನ್ನು ಕಿರಿದು ಮಾಡಿತು; 2024ರ ಫೆಬ್ರವರಿಯಲ್ಲಿ ಕೋರ್ಟು, ಸದ್ಯಕ್ಕೆ ಹಳೆಯ ಅರ್ಥವೇ ಇರಲಿ ಎಂದಿತು.

ಹಾಗೆಂದು ಗೆರೆಯೇ ಬೇಡ ಎನ್ನಲಾರೆ. 2025ರ ಜೂನ್‌ನಲ್ಲಿ ಇದೇ ಹನೂರು ತಾಲೂಕಿನ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ, ನಾಲ್ಕು ಮರಿಗಳು ವಿಷವಿಕ್ಕಿದ ಹಸುವಿನ ಕಳೇಬರ ತಿಂದು ಸತ್ತವು. 2013ರಲ್ಲೇ 906 ಚದರ ಕಿಲೋಮೀಟರ್ ವನ್ಯಧಾಮವೆಂದು ಘೋಷಿಸಿದ ಕಾಡು ಅದು. ಗೆರೆ ಇದ್ದೂ ಹುಲಿ ಉಳಿಯಲಿಲ್ಲ. ಮಾದಪ್ಪ ಹುಲಿಯ ಬೆನ್ನೇರಿ ಬಂದವನೆಂದು ನಂಬುವ ನಾಡಿನಲ್ಲಿ ಹುಲಿ ‘ಫಾರೆಸ್ಟ್‌ನೋರದು’ ಆಗಿಬಿಟ್ಟಿತಲ್ಲ, ಕೇಡು ಶುರುವಾದದ್ದು ಅಲ್ಲಿಂದಲೇ ಎಂದು ನನ್ನ ಗುಮಾನಿ. ಹೊರಗಿಟ್ಟದ್ದನ್ನು ಕಾಯುವ ಹೊಣೆಯನ್ನು ಯಾವ ಊರು ತಾನೇ ಹೊತ್ತೀತು?

ಆದ್ದರಿಂದ ‘ಫಾರೆಸ್ಟ್’ ಪದವನ್ನು ಅಜ್ಜೀಪುರದವರ ಬಾಯಿಂದ ಕಿತ್ತು ‘ಅರಣ್ಯ’ವನ್ನು ತುರುಕುವ ಕೆಲಸ ಬೇಡ. ತಿದ್ದಬೇಕಾದದ್ದು ಆ ಪದ ಎಳೆದ ಗೆರೆಯನ್ನು. ಅದಕ್ಕೆ ದಾರಿ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿದೆ: ಯಾರಿಗೆ ಯಾವ ಹಕ್ಕೆಂದು ಗುರುತಿಸುವ ಕೆಲಸ ಶುರುವಾಗಬೇಕಾದದ್ದು ಗ್ರಾಮಸಭೆಯಲ್ಲಿ, ನಿಘಂಟಿನಲ್ಲಲ್ಲ.