ಕಜ್ಜಾಯವೂ ಅಧಿಕಾರವೂ

ಶರದೃತುವೆಂದರೆ ನಮ್ಮ ಸೀಮೆಯಲ್ಲಿ ಎಲೆಯುದುರುವ ಕಾಲವಲ್ಲ, ಹಬ್ಬದ ಕಾಲ. ಮಳೆ ಹಿಂದೆ ಸರಿದು ಆಕಾಶ ತಿಳಿಯಾಗುತ್ತದೆ; ಆಶ್ವಯುಜ, ಕಾರ್ತಿಕ ಮಾಸಗಳ ಹಬ್ಬಗಳು ಒಂದರ ಬೆನ್ನಿಗೊಂದು ಬರುತ್ತವೆ. ದೀಪಾವಳಿ ಹತ್ತಿರವಾಯಿತೆಂದು ತಿಳಿಯಲು ನನ್ನ ಬಾಲ್ಯದಲ್ಲಿ ಪಂಚಾಂಗ ಬೇಕಾಗಿರಲಿಲ್ಲ. ಬೀದಿಯಲ್ಲಿ ಸುಳಿಯುವ ಬೆಲ್ಲದ ಪಾಕದ ವಾಸನೆಯೇ ಸಾಕಾಗಿತ್ತು.

ಆ ವಾಸನೆಯನ್ನು ವೃದ್ಧಾಶ್ರಮವೊಂದಕ್ಕೆ ಕೊಂಡೊಯ್ಯಬೇಕೆಂಬ ಯೋಚನೆ ಮೂರು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಕೆಲವು ಗೆಳೆಯರಿಗೆ ಬಂದಿತು. ಅಲ್ಲಿಯ ಹಿರಿಯರೊಡನೆ ಕೂಡಿ ಕಜ್ಜಾಯ ಮಾಡುವುದು. ಅವರಿಗೂ ಹೊತ್ತು ಹೋಗುತ್ತದೆ, ನಮಗೂ ಪುಣ್ಯ. ಉದ್ದೇಶ ಒಳ್ಳೆಯದೇ. ಆದರೆ ಒಳ್ಳೆಯ ಉದ್ದೇಶಕ್ಕೆ ಒಂದು ದೋಷವಿದೆ: ಅದು ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದಿಲ್ಲ.

ಮೊದಲ ವರ್ಷ ಎಲ್ಲವನ್ನೂ ನಾವೇ ಮಾಡಿದೆವು. ಅಂಗಡಿಯಿಂದ ಒಣ ಅಕ್ಕಿಹಿಟ್ಟು ತಂದೆವು, ನಾವೇ ಪಾಕ ಕಾಸಿದೆವು, ನಾವೇ ಕಲಸಿದೆವು. ಹಿರಿಯರನ್ನು ಸಾಲಾಗಿ ಕೂರಿಸಿ, ಒಬ್ಬೊಬ್ಬರ ಮುಂದೆ ಒಂದೊಂದು ಬಾಳೆ ಎಲೆಯ ತುಂಡು, ಒಂದೊಂದು ಉಂಡೆ ಹಿಟ್ಟು ಇಟ್ಟು, “ತಟ್ಟಿ ಅಜ್ಜಿ” ಎಂದೆವು. ಅವರು ತಟ್ಟಿದರು. ನಾವು ಚಪ್ಪಾಳೆ ಹೊಡೆದೆವು. ಶಿಶುವಿಹಾರದಲ್ಲಿ ಮಕ್ಕಳ ಕೈಗೆ ಜೇಡಿಮಣ್ಣು ಕೊಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸವೆಂದು ಆಗ ನನಗೆ ಹೊಳೆಯಲಿಲ್ಲ.

ಸಾಲಿನ ಕೊನೆಯಲ್ಲಿ ಮಂಡ್ಯದ ಕಡೆಯ ಒಬ್ಬ ಅಜ್ಜಿ ಕುಳಿತಿದ್ದರು. ಅವರು ತಟ್ಟಲಿಲ್ಲ. ಹಿಟ್ಟನ್ನು ಎರಡು ಬೆರಳಿನಲ್ಲಿ ಹಿಸುಕಿ ನೋಡಿ, “ಪಾಕ ಎಳಸು” ಎಂದರು. ಯಾರೂ ಕಿವಿಗೊಡಲಿಲ್ಲ. ಬೆಳಗಿನಿಂದ ಮೂರು ಸಲ ಇದು ಯಾವ ತಿಂಗಳೆಂದು ಕೇಳಿದ್ದ ಮುದುಕಿಯ ಮಾತು ತಾನೆ! ಹಿಟ್ಟನ್ನು ಎಣ್ಣೆಗೆ ಬಿಟ್ಟದ್ದೇ ತಡ, ಕಜ್ಜಾಯಗಳು ಒಡೆದು ಪುಡಿಪುಡಿಯಾಗಿ ಬಾಣಲೆಯ ತುಂಬ ಹರಡಿದವು. ಆ ಪುಡಿಯನ್ನೇ ಬಟ್ಟಲುಗಳಿಗೆ ಹಾಕಿ ಹಂಚಿದೆವು. ಎಲ್ಲರೂ ಚೆನ್ನಾಗಿದೆಯೆಂದರು. ಆ ಅಜ್ಜಿಯೊಬ್ಬರು ಮಾತ್ರ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

ಮನೆಗೆ ಬಂದ ಮೇಲೆ ನನ್ನನ್ನು ಕಾಡಿದ್ದು ಕಜ್ಜಾಯ ಕೆಟ್ಟದ್ದಲ್ಲ. ಆ ಸರಿಸಿದ ಬಟ್ಟಲು. ಅದನ್ನು ನಾನು ಹಿಂದೆ ನೋಡಿದ್ದೆ.

ನನ್ನ ತಾಯಿ ೭೮ನೆಯ ವಯಸ್ಸಿನಲ್ಲಿ ಒಂದು ಸಂಜೆ ಹಾಲಿಟ್ಟು ಮರೆತರು. ಪಾತ್ರೆ ಸುಟ್ಟು ಮನೆಯೆಲ್ಲ ಹೊಗೆಯಾಯಿತು. ಮಾರನೆಯ ದಿನ ನಾನು ಪ್ರೀತಿಯಿಂದಲೇ ಹೇಳಿದೆ: “ಅಮ್ಮ, ಇನ್ನು ಮೇಲೆ ನೀವು ಒಲೆಯ ಹತ್ತಿರ ಹೋಗಬೇಡಿ. ಹಾಯಾಗಿ ಕುಳಿತಿರಿ.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಾನು ಇನ್ನು ಬರೀ ಉಣ್ಣೋದಕ್ಕೆ ಇರೋದು ಅನ್ನು” ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಆಮೇಲೆ ನಾಲ್ಕು ವರ್ಷ ಬದುಕಿದ್ದರು. ಅವರಿಗೆ ಯಾವ ಕೊರತೆಯನ್ನೂ ನಾವು ಮಾಡಲಿಲ್ಲ. ಆದರೆ ಊಟ ಹೇಗಿದೆಯೆಂದು ಅವರು ಮತ್ತೆಂದೂ ಹೇಳಲಿಲ್ಲ.

ನಾನು ಮಾಡಿದ್ದು ತಪ್ಪೇ? ಬೆಂಕಿ ನಿಜ, ಮರೆವು ನಿಜ, ಅಪಾಯವೂ ನಿಜ. ಹೆತ್ತವರನ್ನು ಅಪಾಯದಿಂದ ಕಾಯುವುದು ಮಕ್ಕಳ ಕರ್ತವ್ಯವಲ್ಲವೆ? ನಮ್ಮ ದೇಶದಲ್ಲಿ ೨೦೦೭ರಲ್ಲಿ ಬಂದ ಕಾನೂನು ತಂದೆತಾಯಿಗಳ ಪೋಷಣೆಯನ್ನು ಮಕ್ಕಳ ಹೊಣೆಯೆಂದು ವಿಧಿಸಿದೆ. ಅನ್ನ, ಬಟ್ಟೆ, ವಸತಿ, ಔಷಧಗಳನ್ನು ಕಾನೂನು ಎಣಿಸಬಲ್ಲುದು. ಆದರೆ “ನೀವಿಲ್ಲದೆ ಈ ಕೆಲಸ ಆಗದು” ಎಂಬ ಮಾತನ್ನು ಯಾವ ನ್ಯಾಯಾಲಯ ಕೊಡಿಸೀತು?

ಮಹಾಭಾರತದ ಆಶ್ರಮವಾಸಿಕ ಪರ್ವವನ್ನು ನೋಡಿ. ಯುದ್ಧ ಮುಗಿದು, ನೂರು ಮಕ್ಕಳನ್ನು ಕಳೆದುಕೊಂಡ ಮುದುಕ ಧೃತರಾಷ್ಟ್ರ, ಗೆದ್ದವರ ಅರಮನೆಯಲ್ಲಿ ಹದಿನೈದು ವರ್ಷ ಇದ್ದ. ಯುಧಿಷ್ಠಿರ ಅವನಿಗೆ ಭೋಜನ ಶಯ್ಯೆಗಳನ್ನು ಮಾತ್ರ ಒದಗಿಸಲಿಲ್ಲ. ರಾಜಕಾರ್ಯಗಳಲ್ಲೆಲ್ಲ ಅವನನ್ನು ಕೇಳಿ, ಅವನ ಅನುಮತಿ ಪಡೆದು ನಡೆದ. ಬೇಯಿಸಿ ಹಾಕುವವರು ಅರಮನೆಯಲ್ಲಿ ಬೇಕಾದಷ್ಟು ಮಂದಿ ಇದ್ದರು. ಕೇಳುವವನೊಬ್ಬ ಇದ್ದುದರಿಂದ ಆ ಕುರುಡನಿಗೆ ಅಷ್ಟು ವರ್ಷ ಅಲ್ಲಿ ಇರಲು ಸಾಧ್ಯವಾಯಿತೆಂದು ನನಗೆ ತೋರುತ್ತದೆ. ಕೊನೆಗೆ ಅವನನ್ನು ಕಾಡಿಗೆ ಕಳಿಸಿದ್ದು ಹಸಿವಲ್ಲ, ಭೀಮನ ಚುಚ್ಚುಮಾತು.

ಇದು ಪುರಾಣದ ಮಾತಾಯಿತು. ೧೯೭೬ರಲ್ಲಿ ಎಲೆನ್ ಲ್ಯಾಂಗರ್, ಜೂಡಿತ್ ರೋಡಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಅಮೆರಿಕದ ವೃದ್ಧಾಲಯವೊಂದರಲ್ಲಿ ನಡೆಸಿದ ಪರೀಕ್ಷೆಯ ವಿವರ ಪ್ರಕಟವಾಯಿತು. ಒಂದು ಮಹಡಿಯ ವೃದ್ಧರಿಗೆ, ಬೇಕಾದ ಗಿಡವನ್ನು ಆರಿಸಿಕೊಳ್ಳಿ, ಅದಕ್ಕೆ ನೀರು ಹಾಕುವ ಹೊಣೆ ನಿಮ್ಮದೇ ಎಂದರು. ಇನ್ನೊಂದು ಮಹಡಿಯವರಿಗೆ ಗಿಡವನ್ನು ಕೊಟ್ಟು, ದಾದಿಯರು ನೋಡಿಕೊಳ್ಳುತ್ತಾರೆ ಎಂದರು. ಹೊಣೆ ಹೊತ್ತವರಲ್ಲಿ ಹೆಚ್ಚಿನ ಲವಲವಿಕೆ ಕಂಡುಬಂದಿತಂತೆ. ಗಿಡ ಎರಡು ಕಡೆಯೂ ಇತ್ತು, ವ್ಯತ್ಯಾಸವಿದ್ದದ್ದು ಹೊಣೆಯಲ್ಲಿ.

ಎರಡನೆಯ ವರ್ಷ ನಾವು ಬೇರೆ ರೀತಿಯಲ್ಲಿ ಹೋದೆವು. ಹಬ್ಬಕ್ಕೆ ಒಂದು ವಾರ ಮುಂಚೆಯೇ ಆ ಅಜ್ಜಿಯ ಮುಂದೆ ಕುಳಿತು, “ಏನೇನು ತರಬೇಕು, ಹೇಳಿ ಅಜ್ಜಿ” ಎಂದೆ. ಅವರು ನನ್ನನ್ನು ಗುರುತು ಹಿಡಿಯಲಿಲ್ಲ. ಆದರೆ ಲೆಕ್ಕ ಹೇಳಿದರು. ಅಂಗಡಿಯ ಹಿಟ್ಟು ಬೇಡ; ಅಕ್ಕಿ ನೆನೆಸಿ, ಬಸಿದು, ನೆರಳಿನಲ್ಲಿ ಬಟ್ಟೆಯ ಮೇಲೆ ಹರಡಿ, ಇನ್ನೂ ತೇವ ಇರುವಾಗಲೇ ಹಿಟ್ಟು ಮಾಡಿಸಬೇಕು. ಕಿಲೋ ಅಕ್ಕಿಗೆ ಮುಕ್ಕಾಲು ಕಿಲೋ ಬೆಲ್ಲ, ಎಳ್ಳು, ಗಸಗಸೆ, ಏಲಕ್ಕಿ. ಕಲಸಿದ ಹಿಟ್ಟು ಒಂದು ರಾತ್ರಿಯಾದರೂ ಕೂರಬೇಕು.

ಪಾಕ ಕಾಯುವಾಗ ಅವರ ಕುರ್ಚಿಯನ್ನು ಒಲೆಯಿಂದ ಎರಡು ಮಾರು ದೂರದಲ್ಲಿ ಇಟ್ಟೆವು. ಸೌಟು ನನ್ನ ಕೈಯಲ್ಲಿ, ತೀರ್ಮಾನ ಅವರ ಬಾಯಲ್ಲಿ. ಬಟ್ಟಲ ನೀರಿಗೆ ಒಂದು ತೊಟ್ಟು ಪಾಕ ಬಿಟ್ಟು ಅವರ ಮುಂದೆ ಹಿಡಿದೆ. ಬೆರಳಿನಿಂದ ಕೂಡಿಸಿ ನೋಡಿ, “ಕರಗ್ತದೆ, ಇನ್ನೂ ಕಾಯ್ಲಿ” ಎಂದರು. ಮತ್ತೊಮ್ಮೆ ಹಿಡಿದೆ. ತೊಟ್ಟು ಮೆತ್ತಗೆ ಉಂಡೆಯಾಗಿ ನಿಂತಿತು. “ಇಳ್ಸು ಮಗ, ಇಳ್ಸು, ಪಾಕ ಏರೋಗ್ತದೆ!” ಎಂದು ಗದರಿದರು. ಏರಿದ್ದರೆ ಕಜ್ಜಾಯ ಕಲ್ಲಾಗುತ್ತಿತ್ತು. ಮಗಳ ಹೆಸರು ಮರೆತ ಆ ಜೀವಕ್ಕೆ ಪಾಕದ ಹದ ಮರೆತಿರಲಿಲ್ಲ. ಕೈ ಮಾಡಿ ಮಾಡಿ ಕಲಿತದ್ದು, ಬೇರೆ ನೆನಪುಗಳು ಹೋದ ಮೇಲೂ ಎಷ್ಟೋ ವೇಳೆ ಬಹುಕಾಲ ಉಳಿಯುತ್ತದೆಂದು ವೈದ್ಯರೂ ಹೇಳುತ್ತಾರೆ.

ಆ ದಿನ ಅವರು ನನ್ನನ್ನು ಗದರಿದ್ದೇ ನನಗೆ ದೊರೆತ ಉತ್ತರ. ಆಟದಲ್ಲಿ ಯಾರೂ ಯಾರನ್ನೂ ಹಾಗೆ ಗದರುವುದಿಲ್ಲ. ಒಬ್ಬರ ತಪ್ಪಿನಿಂದ ಕೆಡಬಲ್ಲದ್ದು ಮಾತ್ರ ಕೆಲಸ. ಕೆಡಲು ಸಾಧ್ಯವೇ ಇಲ್ಲದಂತೆ ನಾವು ಏರ್ಪಡಿಸಿಟ್ಟದ್ದು ಹೊತ್ತುಗಳೆಯುವ ಉಪಾಯ. ಮುದುಕರಿಗೆ ನಾವು ಎರಡನೆಯದನ್ನು ಧಾರಾಳವಾಗಿ ಕೊಡುತ್ತೇವೆ, ಮೊದಲನೆಯದನ್ನು ಪ್ರೀತಿಯ ಹೆಸರಿನಲ್ಲಿ ಕಿತ್ತುಕೊಳ್ಳುತ್ತೇವೆ.

ಹಾಗೆಂದು ಎಲ್ಲ ಹಿರಿಯರನ್ನೂ ಎಬ್ಬಿಸಿ ಕೆಲಸಕ್ಕೆ ಹಚ್ಚಬೇಕೆಂದು ನಾನು ಹೇಳುತ್ತಿಲ್ಲ. ಅಲ್ಲಿದ್ದ ನಿವೃತ್ತ ಮೇಷ್ಟರೊಬ್ಬರು, “ನಲವತ್ತು ವರ್ಷ ದುಡಿದಿದ್ದೇನೆ ಸ್ವಾಮಿ, ನನ್ನನ್ನು ನನ್ನ ಪಾಡಿಗೆ ಬಿಡಿ” ಎಂದು ಪತ್ರಿಕೆ ಬಿಡಿಸಿಕೊಂಡರು. ಅದೂ ನ್ಯಾಯವೇ. ಬೇಡವೆನ್ನುವುದೂ ಅಧಿಕಾರದ ಒಂದು ಭಾಗವಲ್ಲವೆ? ಸಕ್ಕರೆ ಕಾಯಿಲೆಯ ಇನ್ನೊಬ್ಬ ಅಜ್ಜ ಒಂದು ಕಜ್ಜಾಯಕ್ಕೆ ಕೈ ನೀಡಿದಾಗ ನಮ್ಮವರೊಬ್ಬರು ತಟ್ಟೆಯನ್ನು ಹಿಂದಕ್ಕೆಳೆದರು. ಬೆಲ್ಲವಾದರೇನು, ಅದೂ ಸಕ್ಕರೆಯ ಮಾತೇ, ಎಚ್ಚರ ಬೇಕು. ಆದರೆ ಎಚ್ಚರ ಹೇಳುವುದು ಬೇರೆ, ತಟ್ಟೆ ಎಳೆಯುವುದು ಬೇರೆ. ಹೇಳಿದ್ದರೆ ಅವರೇ ಅರ್ಧ ಮುರಿದುಕೊಳ್ಳುತ್ತಿದ್ದರೇನೋ. ಎಂಬತ್ತು ವರ್ಷ ತನ್ನ ಬಾಯಿಯನ್ನು ತಾನೇ ಆಳಿದವನಿಗೆ ಅಷ್ಟು ತಿಳಿವಳಿಕೆ ಇರದೆ?

ಎರಡು ಮಾರು ದೂರದ ಆ ಕುರ್ಚಿಯನ್ನು ನಾನು ಆಗಾಗ ನೆನೆಯುತ್ತೇನೆ. ಬೆಂಕಿಗೂ ಮುಪ್ಪಿಗೂ ನಡುವೆ ಅಷ್ಟು ಅಂತರ ಬೇಕು. ಆದರೆ ಕುರ್ಚಿ ಅಡಿಗೆಮನೆಯೊಳಗೇ ಇರಬೇಕು. ನನ್ನ ತಾಯಿಗೆ ನಾನು ಒಲೆ ಬೇಡವೆಂದದ್ದು ತಪ್ಪಲ್ಲವೇನೋ. ಒಂದು ಕುರ್ಚಿ ಹಾಕಿಕೊಟ್ಟು, ದಿನಕ್ಕೊಮ್ಮೆ, “ಅಮ್ಮ, ಹುಳಿಗೆ ಉಪ್ಪು ಸರಿಯಾಗಿದೆಯೇ, ನೋಡಿ” ಎಂದು ಕೇಳಲಿಲ್ಲ, ತಪ್ಪಿದ್ದು ಅಲ್ಲಿ. ಕೇಳಲು ನನಗೆ ಖರ್ಚೇನೂ ಇರಲಿಲ್ಲ. ಈಗ ಕೇಳಲು ಅವರಿಲ್ಲ.

ಕಳೆದ ದೀಪಾವಳಿಗೆ ಮತ್ತೆ ಹೋಗಿದ್ದೆವು. ನಾನು ತಟ್ಟಿ ಕರಿದ ಕಜ್ಜಾಯವನ್ನು ಎರಡು ಸಟ್ಟುಗಗಳ ನಡುವೆ ಒತ್ತಿ, ಎಣ್ಣೆ ಇಳಿಸಿ, ಆ ಅಜ್ಜಿಯ ಕೈಗೆ ಕೊಟ್ಟೆ. ಮುರಿದು ನೋಡಿದರು, ಬಾಯಿಗೆ ಹಾಕಿಕೊಂಡರು, ಬಹಳ ಹೊತ್ತು ಅಗಿದರು.

“ಪರವಾಗಿಲ್ಲ ಕಣ್ ಮಗ. ಇನ್ನೊಂದೆರಡು ವರ್ಸ ಮಾಡಿದ್ರೆ ಕಲ್ತ್ಕತೀಯ” ಎಂದರು.

ಬಟ್ಟಲನ್ನು ಸರಿಸಲಿಲ್ಲ.