ಬೈಯುವವನೂ ಆರ್ತನೇ

ನಮ್ಮ ಮೆಡಿಸಿನ್ ವಾರ್ಡಿಗೆ ಬೈಗುಳ ಹೊಸದಲ್ಲ. ಲಿವರ್ ಕೆಟ್ಟವರಿಗೆ ಅಮೋನಿಯಾ ಏರಿ ಮಿದುಳು ಮಂಕಾದರೆ ಡ್ರಿಪ್ ಕಿತ್ತೆಸೆಯುತ್ತಾರೆ, ಹೆತ್ತ ತಾಯಿಯನ್ನೂ ಬೈಯುತ್ತಾರೆ. ಲ್ಯಾಕ್ಟುಲೋಸ್ ಕುಡಿಸಿ ಹೊಟ್ಟೆ ಸರಿಯಾಗಿ ಹೋಗತೊಡಗಿದರೆ ಎಷ್ಟೋ ಜನ ತಿಳಿಯಾಗುತ್ತಾರೆ. ಕುಡಿತ ನಿಂತ ಎರಡು ಮೂರು ದಿನಕ್ಕೆ ಇಲ್ಲದ್ದು ಕಂಡು ಕೂಗಾಡುವವರೂ ಹಾಗೇ. ಅವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ.

ನನ್ನನ್ನು ಕಾಡುವವರು ತಲೆ ನೆಟ್ಟಗಿದ್ದೇ ಬೈಯುವವರು. ಸಕ್ಕರೆ ಕಾಯಿಲೆಯ ಕಾಲುಹುಣ್ಣಿನ ಹಿರಿಯರೊಬ್ಬರಿದ್ದರು. ವೈದ್ಯೆಯಾದ ನಾನು ರೌಂಡ್ಸಿಗೆ ಹೋದರೆ ‘ಏ ಸಿಸ್ಟರ್, ದೊಡ್ಡ ಡಾಕ್ಟ್ರು ಎಲ್ಲಿ? ಗಂಡಸರ‍್ಯಾರೂ ಇಲ್ವಾ?’ ಎನ್ನುವರು. ಇನ್ಸುಲಿನ್ ಕೊಡಲು ಹೋದರೆ ಕೈ ತಳ್ಳುವರು. ರಕ್ತ ತೆಗೆಯಲು ಬಂದ ಹುಡುಗನ ಜಾತಿ ಕೇಳಿದರು. ಸೋಡಿಯಂ, ಕ್ರಿಯಾಟಿನಿನ್ ಎಲ್ಲ ಸರಿಯಿತ್ತು. ಆ ಮಾತುಗಳನ್ನು ರೋಗದ ತಲೆಗೆ ಕಟ್ಟಲು ನನಗೆ ಯಾವ ರಿಪೋರ್ಟೂ ಸಿಗಲಿಲ್ಲ.

ಇಂಥವರ ಮೇಲೆ ಕರುಣೆ ಹುಟ್ಟೀತೇ? ಹುಟ್ಟದಿದ್ದಾಗ ಮಾಡುವ ಆರೈಕೆ ಬರೀ ಸೋಗೇ?

ಆಯುರ್ವೇದ ನಾನು ಓದಿದ ಶಾಸ್ತ್ರವಲ್ಲ. ಆದರೂ ಚರಕಸಂಹಿತೆಯ ಸೂತ್ರಸ್ಥಾನದ 9ನೇ ಅಧ್ಯಾಯಕ್ಕೆ ಮತ್ತೆ ಮತ್ತೆ ಹೋಗುತ್ತೇನೆ. ವೈದ್ಯ, ಔಷಧ, ಪರಿಚಾರಕ, ರೋಗಿ – ಚಿಕಿತ್ಸೆಗೆ ಈ ನಾಲ್ಕು ಪಾದ. ರೋಗಿಗೂ ಅಲ್ಲಿ ಗುಣಗಳನ್ನು ಹೇಳಿದೆ: ನೆನಪಿರಬೇಕು, ಹೇಳಿದಂತೆ ನಡೆಯಬೇಕು, ಅಂಜಬಾರದು, ತನ್ನ ನೋವನ್ನು ತಿಳಿಸಬಲ್ಲವನಾಗಿರಬೇಕು. ಮಾತು ಕೇಳದ ರೋಗಿಯ ಕಷ್ಟ ಅಂದಿನ ವೈದ್ಯರಿಗೂ ಗೊತ್ತಿತ್ತೆಂದಾಯಿತು. ಆದರೆ ಅದೇ ಅಧ್ಯಾಯ ವೈದ್ಯನ ನಡತೆಗೆ ಬಂದಾಗ ಮೈತ್ರಿ, ಕಾರುಣ್ಯಗಳನ್ನು ಆರ್ತರಿಗೆಲ್ಲ ಸಲ್ಲಿಸುತ್ತದೆ, ವಿಧೇಯರಿಗೆ ಮಾತ್ರ ಎನ್ನುವುದಿಲ್ಲ. ಯೋಗಸೂತ್ರದಲ್ಲಿ ಪತಂಜಲಿಯಾದರೋ ಪಾಪದ ವಿಷಯದಲ್ಲಿ ಉಪೇಕ್ಷೆಯನ್ನು ಹೇಳುತ್ತಾನೆ. ಚಿತ್ತವನ್ನು ತಿಳಿಗೊಳಿಸಿಕೊಳ್ಳುವ ಯೋಗಿಗೆ ಅದು ದಾರಿ. ನೈಟ್ ಡ್ಯೂಟಿಯಲ್ಲಿ ನಾನು ಆ ದಾರಿ ಹಿಡಿದರೆ ಆ ಹಿರಿಯರ ಕಾಲು ಕೊಳೆಯುತ್ತದೆ.

ಹಾಗಾಗಿ ಮನಸ್ಸು ತಿಳಿಯಾಗಲೆಂದು ಕಾಯುತ್ತ ಕೂರಬಾರದು ಎಂಬುದು ನನ್ನ ನಂಬಿಕೆ. ಪಕ್ಕದ ಬೆಡ್ಡಿನ ಸಾಧು ಅಜ್ಜನ ಬ್ಯಾಂಡೇಜನ್ನು ಎಷ್ಟು ನಿಧಾನವಾಗಿ ಬಿಚ್ಚುತ್ತೇನೋ ಇವರದನ್ನೂ ಅಷ್ಟೇ ನಿಧಾನವಾಗಿ ಬಿಚ್ಚಬೇಕು. ಎದೆಯಲ್ಲಿ ಕಹಿಯಿದ್ದಾಗಲೂ ಅದು ಕಾರುಣ್ಯವೇ. ಕಹಿಯಿದ್ದಾಗಲೇ ಅದರ ಬೆಲೆ ಹೆಚ್ಚು.

ಹಾಗೆಂದು ಎಲ್ಲವನ್ನೂ ನುಂಗಿಕೊಳ್ಳಬೇಕೆಂದಲ್ಲ. ಕೈಯೆತ್ತಿದರೆ ಸೆಕ್ಯೂರಿಟಿಯನ್ನು ಕರೆಯುತ್ತೇನೆ. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲೆಂದೇ ನಮ್ಮ ರಾಜ್ಯದಲ್ಲಿ 2009ರ ಕಾಯ್ದೆಯಿದೆ. ಜಾತಿ ಕೇಳಿದಾಗ ಆ ಹುಡುಗನೆದುರೇ, ‘ಆ ಪ್ರಶ್ನೆ ಇಲ್ಲಿ ಕೇಳೋ ಹಾಗಿಲ್ಲ’ ಎಂದೆ. ಧ್ವನಿ ಏರಿತ್ತು. ಏರಬೇಕಾಗಿತ್ತು.

ಪರಿಚಾರಕನಿಗೆ ರೋಗಿಯ ಮೇಲೆ ಅನುರಾಗವಿರಬೇಕೆನ್ನುತ್ತದೆ ಚರಕಸಂಹಿತೆಯ ಅದೇ ಅಧ್ಯಾಯ. ಇಲ್ಲಿ ಆ ಜಾಗದಲ್ಲಿದ್ದವಳು ಆ ಹಿರಿಯರ ಸೊಸೆ. ನನಗೆ ಬೀಳುತ್ತಿದ್ದ ಬೈಗುಳದ ಹತ್ತರಷ್ಟು ಅವಳಿಗೆ ಬೀಳುತ್ತಿತ್ತು. ನನ್ನ ಪಾಳಿ ಮುಗಿಯುತ್ತದೆ, ಅವಳದಕ್ಕೆ ಕೊನೆಯಿಲ್ಲ. ಅವಳಿಂದ ಅನುರಾಗವನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಡಿಸ್ಚಾರ್ಜ್ ದಿನ ಇನ್ಸುಲಿನ್ ಕೊಡುವುದನ್ನು ಅವಳೊಬ್ಬಳಿಗೇ ಕಲಿಸಿ ಮುಗಿಸಲಿಲ್ಲ. ಹೊರಗೆ ಆಟೊ ಹತ್ತಿರ ನಿಂತಿದ್ದ ಮಗನನ್ನು ಒಳಗೆ ಕರೆಸಿ, ಸಿರಿಂಜನ್ನು ಅವನ ಕೈಗೆ ಕೊಟ್ಟು, ‘ರಾತ್ರಿ ಡೋಸು ನಿಮ್ಮದು’ ಎಂದೆ.