ಎದ್ದು ಹೋದ ಮೂವರು

ಆ ವಿಡಿಯೊವನ್ನು ನೀವೂ ನೋಡಿರುತ್ತೀರಿ. 2017ರ ಏಪ್ರಿಲ್ 9, ಭಾನುವಾರ ಸಂಜೆ, ಅಮೆರಿಕದ ಷಿಕಾಗೊ ವಿಮಾನ ನಿಲ್ದಾಣ. ಲೂಯಿವಿಲ್ ಎಂಬ ಊರಿಗೆ ಹೊರಡಬೇಕಿದ್ದ ಯುನೈಟೆಡ್ ಎಕ್ಸ್‌ಪ್ರೆಸ್ ವಿಮಾನದೊಳಗೆ 69 ವರ್ಷದ ವೈದ್ಯರೊಬ್ಬರು ಕೂತಿದ್ದಾರೆ. ಭದ್ರತಾ ಅಧಿಕಾರಿಗಳು ಬಗ್ಗಿ ಅವರನ್ನು ಸೀಟಿನಿಂದ ಕೀಳುತ್ತಾರೆ. ಒಂದು ಚೀತ್ಕಾರ. ಆಮೇಲೆ ಕೈ ಹಿಡಿದು, ಮೂಟೆ ಎಳೆದ ಹಾಗೆ, ಸಾಲುಗಳ ನಡುವಿನ ದಾರಿಯಲ್ಲಿ ಅವರನ್ನು ಎಳೆದೊಯ್ಯುತ್ತಾರೆ. ಕನ್ನಡಕ ಜಾರಿದೆ, ಅಂಗಿ ಮೇಲಕ್ಕೆ ಸರಿದು ಹೊಟ್ಟೆ ಕಾಣುತ್ತಿದೆ, ಬಾಯಿಂದ ರಕ್ತ. ಮೂಗು ಮುರಿದಿತ್ತು, ಎರಡು ಹಲ್ಲು ಹೋಗಿದ್ದವು ಎಂದು ಅವರ ವಕೀಲರು ಆಮೇಲೆ ಹೇಳಿದರು.

ಅವರ ತಪ್ಪೇನು? ದುಡ್ಡು ಕೊಟ್ಟು ಕೊಂಡ ಸೀಟಿನಲ್ಲಿ ಕೂತಿದ್ದದ್ದು. ವಿಮಾನದ ಎಪ್ಪತ್ತು ಸೀಟುಗಳೂ ಭರ್ತಿಯಾದ ಮೇಲೆ ಕಂಪನಿಗೆ ತನ್ನದೇ ನಾಲ್ವರು ಸಿಬ್ಬಂದಿಯನ್ನು ಲೂಯಿವಿಲ್ಲಿಗೆ ಕಳಿಸಬೇಕೆಂದು ನೆನಪಾಯಿತು. ಆ ನಾಲ್ವರು ಹೋಗದಿದ್ದರೆ ಅಲ್ಲಿಂದ ಹೊರಡುವ ಮತ್ತೊಂದು ವಿಮಾನ ನಿಲ್ಲುತ್ತಿತ್ತಂತೆ. ಎರಡು ಊರುಗಳ ನಡುವೆ ಕಾರಿನಲ್ಲಿ ಹೋದರೆ ಐದು ಗಂಟೆಯ ಹಾದಿ ಎಂಬುದನ್ನು ಸುಮ್ಮನೆ ಹೇಳಿ ಮುಂದೆ ಹೋಗುತ್ತೇನೆ. ಇಳಿಯುವವರಿಗೆ ಮೊದಲು 400 ಡಾಲರ್ ಬೆಲೆಯ ವೋಚರ್ ಕೊಡುತ್ತೇವೆಂದರು, ಆಮೇಲೆ 800 ಎಂದರು. ಯಾರೂ ಏಳಲಿಲ್ಲ. ಆಗ ಕಂಪ್ಯೂಟರ್ ನಾಲ್ಕು ಹೆಸರು ಆರಿಸಿತು. ಮೂವರು ಎದ್ದು ಹೋದರು. ನಾಲ್ಕನೆಯವರು, ನಾಳೆ ಬೆಳಿಗ್ಗೆ ರೋಗಿಗಳನ್ನು ನೋಡಬೇಕು, ಇಳಿಯುವುದಿಲ್ಲ ಎಂದರು.

ಈ ಪ್ರಕರಣದ ಬಗ್ಗೆ ಯೋಚಿಸಿದಾಗಲೆಲ್ಲ ನನ್ನ ಮನಸ್ಸು ಹೋಗುವುದು ಆ ಮೂವರ ಕಡೆಗೆ. ಅನ್ಯಾಯ ಎನ್ನುವುದಾದರೆ ನಾಲ್ವರಿಗೂ ಆದದ್ದು ಒಂದೇ ಅನ್ಯಾಯ. ನಾಲ್ವರಿಗೂ ಟಿಕೆಟ್ ಇತ್ತು, ನಾಲ್ವರೂ ಸೀಟಿನಲ್ಲಿ ಕೂತಿದ್ದರು, ನಾಲ್ವರಿಗೂ ಮರುದಿನ ಎಲ್ಲೋ ಏನೋ ಕೆಲಸವಿದ್ದಿರಬೇಕು. ಮೂವರು ಬ್ಯಾಗು ಇಳಿಸಿಕೊಂಡು ನಡೆದರು. ಅವರಿಗಾಗಿ ಜಗತ್ತಿನಲ್ಲಿ ಒಬ್ಬರೂ ಸಿಟ್ಟಾಗಲಿಲ್ಲ. ಅವರ ಮೂಗು ಮುರಿಯಲಿಲ್ಲವಲ್ಲ.

ಕನ್ನಡದಲ್ಲಿ ನಾವು ಸಿಟ್ಟು, ಕೋಪ, ರೋಷ ಎಂದೆಲ್ಲ ಹೇಳುತ್ತೇವೆ. ಸಾರ್ವಜನಿಕ ಎಂಬ ಮಾತು ಮುಂದೆ ಬಂದರೆ ಮಾತ್ರ ಪತ್ರಿಕೆಯವರ ಕೈ ತಾನಾಗಿ 'ಆಕ್ರೋಶ'ದ ಕಡೆ ಹೋಗುತ್ತದೆ. ಆ ಪದದ ಮೂಲದಲ್ಲಿರುವುದು ಕೂಗು. ಸಿಟ್ಟನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ವರ್ಷಗಟ್ಟಲೆ ಬದುಕಬಹುದು, ಆಕ್ರೋಶಕ್ಕೆ ಗಂಟಲು ಬೇಕು. ಅಷ್ಟೇ ಅಲ್ಲ, ಕೂಗಿಗೆ ಮೊದಲು ಇನ್ನೊಂದು ಕೂಗು ಬೇಕು. ವೈದ್ಯರು ಚೀರಿದರು, ಆದ್ದರಿಂದ ನಾವೂ ಚೀರಿದೆವು. ಮಾತಾಡದೆ ಎದ್ದು ಹೋದವರಿಗೆ ಓಗೊಡುವ ಪದ ನಮ್ಮ ಬಳಿ ಇರಲಿಲ್ಲ.

ಕಂಪನಿಯ ಪದಕೋಶ ಇನ್ನೂ ವಿಚಿತ್ರ. ಯುನೈಟೆಡ್‌ನ ಮುಖ್ಯಸ್ಥ ಆಸ್ಕರ್ ಮುನೋಜ್ ಮರುದಿನ ಕೊಟ್ಟ ಹೇಳಿಕೆಯಲ್ಲಿ, ಪ್ರಯಾಣಿಕರಿಗೆ 'ಬೇರೆ ವ್ಯವಸ್ಥೆ' ಮಾಡಬೇಕಾಗಿ ಬಂದದ್ದಕ್ಕೆ ಕ್ಷಮೆ ಕೇಳಿದರು. ಒಬ್ಬ ಮನುಷ್ಯನನ್ನು ದರದರನೆ ಎಳೆದದ್ದಕ್ಕೆ ಇಟ್ಟ ಹೆಸರು ಇದು. ಸಿಬ್ಬಂದಿಗೆ ಬರೆದ ಪತ್ರದಲ್ಲಿ ಆ ಪ್ರಯಾಣಿಕ ಗಲಾಟೆ ಮಾಡಿದರು, ಜಗಳಕ್ಕೆ ನಿಂತರು ಎಂಬರ್ಥದ ಮಾತಿತ್ತು. ತಿಂಗಳ ಹಿಂದಷ್ಟೇ ಪ್ರಚಾರ ವೃತ್ತಿಯವರ ಪತ್ರಿಕೆಯೊಂದು ಇದೇ ಮುನೋಜ್ ಅವರನ್ನು ವರ್ಷದ ಅತ್ಯುತ್ತಮ ಸಂವಹನಕಾರ ಎಂದು ಆರಿಸಿತ್ತು! ಷೇರು ಬೆಲೆ ಕುಸಿಯತೊಡಗಿದ ದಿನ ಅವರ ಬಾಯಲ್ಲಿ ಸರಿಯಾದ ಕ್ಷಮೆಯ ಮಾತು ಬಂತು.

ಆದರೆ ನನ್ನನ್ನು ಹೆಚ್ಚು ಕಾಡಿದ ಪದ ಅದಲ್ಲ, 'ಸ್ವಯಂಸೇವಕ'. ಸೀಟು ಬಿಡಲು ಒಪ್ಪುವವರನ್ನು ಅಮೆರಿಕದ ವಿಮಾನ ಕಂಪನಿಗಳು ಕರೆಯುವುದು ಹಾಗೆ. ಆ ಪದ ಕೇಳಿದರೆ ನಮಗೆ ಜಾತ್ರೆಯಲ್ಲಿ ನೀರು ಕೊಡುವ ಹುಡುಗರು ನೆನಪಾಗುತ್ತಾರೆ. ಇದರ ಹಿಂದೆ ಒಂದು ಚರಿತ್ರೆಯಿದೆ. ಟಿಕೆಟ್ ತೆಗೆದುಕೊಂಡ ಎಲ್ಲರೂ ಬರುವುದಿಲ್ಲ ಎಂಬ ಲೆಕ್ಕದಲ್ಲಿ ಕಂಪನಿಗಳು ಇರುವುದಕ್ಕಿಂತ ಹೆಚ್ಚು ಸೀಟು ಮಾರುತ್ತವೆ. ಎಲ್ಲರೂ ಬಂದುಬಿಟ್ಟರೆ ಯಾರನ್ನೋ ಹೊರಗಿಡಬೇಕು. ಗ್ರಾಹಕರ ಹಕ್ಕಿಗಾಗಿ ಹೋರಾಡಿ ಹೆಸರಾದ ರಾಲ್ಫ್ ನೇಡರ್ ಅವರನ್ನೇ 1972ರಲ್ಲಿ ಹೀಗೆ ಹೊರಗಿಟ್ಟು, ಆ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಜೂಲಿಯನ್ ಸೈಮನ್ ಎಂಬ ಅರ್ಥಶಾಸ್ತ್ರಜ್ಞ 1960ರ ದಶಕದಲ್ಲೇ ಹೇಳಿದ್ದರು: ಯಾರನ್ನೂ ದಬ್ಬಬೇಡಿ, ಹರಾಜು ಕೂಗಿ, ಯಾರಿಗೆ ಅವಸರವಿಲ್ಲವೋ ಅವರು ಬೆಲೆ ಹೇಳಿ ಇಳಿಯಲಿ. ಕಂಪನಿಗಳು ನಕ್ಕವು. 1970ರ ದಶಕದ ಕೊನೆಗೆ ಸರ್ಕಾರವೇ ಅದನ್ನು ಜಾರಿಗೆ ತಂದಿತು. ಅದಕ್ಕೆ ಮುಂಚೆ ಹೊರಗಿಡಲು ಯಾರನ್ನು ಆರಿಸುತ್ತಿದ್ದರು ಗೊತ್ತೆ? ಸೈಮನ್ ಬರೆದಿರುವ ಪ್ರಕಾರ ಮುದುಕರನ್ನು ಮತ್ತು ಸೈನಿಕರನ್ನು. ಏಕೆಂದರೆ ಅವರು ತಕರಾರು ತೆಗೆಯುವುದು ಕಡಿಮೆ.

ಹರಾಜಿನಲ್ಲಿ ಒಂದು ಮರ್ಯಾದೆಯಿದೆ, ನನಗೆ ಅದು ಇಷ್ಟ. ಒಲ್ಲೆ ಎನ್ನುವ ಹಕ್ಕು ಅಲ್ಲಿ ಕೊನೆಯವರೆಗೂ ಉಳಿದಿರುತ್ತದೆ. ಷಿಕಾಗೊದಲ್ಲಿ ಅದನ್ನು 800 ಡಾಲರಿಗೆ ನಿಲ್ಲಿಸಿದರು. ಎಪ್ಪತ್ತು ಜನ 'ಇಷ್ಟಕ್ಕೆ ಒಲ್ಲೆವು' ಎಂದಾಗ, ಸರಿ ಹಾಗಾದರೆ ಇಷ್ಟವಿಲ್ಲದೆಯೇ ಸ್ವಯಂಸೇವಕರಾಗಿ ಎಂದರು. ಆರಿಸುವ ಕಂಪ್ಯೂಟರೂ ಚೀಟಿ ಎತ್ತುವುದಿಲ್ಲ. ಕಂಪನಿಯ ನಿಯಮದಲ್ಲಿ ಟಿಕೆಟ್ಟಿನ ದರ, ಎಷ್ಟು ಸಲ ಹಾರುವ ಗಿರಾಕಿ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಮುದುಕರು ಮತ್ತು ಸೈನಿಕರ ಜಾಗಕ್ಕೆ ಕಡಿಮೆ ದುಡ್ಡು ಕೊಟ್ಟವರು ಬಂದರು ಎಂದರೆ ತಪ್ಪಾಗಲಾರದು. 2016ರ ಒಂದೇ ವರ್ಷದಲ್ಲಿ ಅಮೆರಿಕದ ದೊಡ್ಡ ಕಂಪನಿಗಳು ಹೀಗೆ ಒಪ್ಪಿಗೆಯಿಲ್ಲದೆ ಹೊರಗಿಟ್ಟವರ ಸಂಖ್ಯೆ 40 ಸಾವಿರ. ಬಹುತೇಕ ಎಲ್ಲರೂ ಆ ಮೂವರ ಹಾಗೆ ಸದ್ದಿಲ್ಲದೆ ಹೋದವರು.

ನಾನು ಪಾಠ ಮಾಡುವ ಪದವಿ ತರಗತಿಯಲ್ಲಿ ಒಮ್ಮೆ ಈ ಮಾತು ಬಂತು. ನಾನು ಕೇಳಿದ್ದು ಬೇರೆಯೇ ಪ್ರಶ್ನೆ. ವಿಮಾನದಲ್ಲಿ ಎಪ್ಪತ್ತು ಜನರಿದ್ದರು. ಅಧಿಕಾರಿಗಳು ಬಂದು ನಿಂತ ಮೇಲೂ ಯಾರಾದರೂ ಒಬ್ಬರು 'ಅವರನ್ನು ಬಿಡಿ, ನಾನು ಇಳಿಯುತ್ತೇನೆ' ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಯ್ಯೋ ಎಂದವರಿದ್ದರು, ಇದು ತಪ್ಪು ಎಂದು ಕೂಗಿದವರಿದ್ದರು, ಚಿತ್ರ ತೆಗೆದವರಿದ್ದರು. ಏಳಬೇಕಿತ್ತೆ?

ಹಿಂದಿನ ಬೆಂಚಿನ ಹುಡುಗ, "ನಾನಾಗಿದ್ರೆ ಎದ್ದುಬಿಡ್ತಿದ್ದೆ ಸರ್, ದುಡ್ಡೂ ಸಿಗ್ತಿತ್ತು" ಎಂದ. ಎಲ್ಲರೂ ನಕ್ಕರು. ಒಬ್ಬ ಹುಡುಗಿ ನಗಲಿಲ್ಲ. "ಎದ್ರೆ ಆ ಅಜ್ಜನಿಗೆ ಉಪಕಾರ ಆಗ್ತಿತ್ತು, ನಿಜ. ಆದ್ರೆ ಬಲವಂತದವರನ್ನ ಕರೆಸಿದ್ರೆ ಸೀಟು ಸಿಗುತ್ತೆ ಅಂತ ಕಂಪನಿಗೆ ಗೊತ್ತಾಗ್ತಿತ್ತಲ್ಲ ಸರ್? ನಾಳೆ ಇನ್ನೊಬ್ರ ಹತ್ರ ಅದನ್ನೇ ಮಾಡ್ತಿದ್ರು." ಅವಳ ಪಕ್ಕದವಳು ಅಷ್ಟೇ ಬೇಗ, "ನೀನು ನಾಳೇದು ಯೋಚನೆ ಮಾಡೋ ಹೊತ್ತಿಗೆ ಅವರ ಹಲ್ಲು ಹೋಗಿರುತ್ತೆ" ಎಂದಳು. ಗಂಟೆ ಹೊಡೆಯಿತು.

ಇಬ್ಬರದೂ ಸರಿ ಎಂದು ಜಾರಿಕೊಳ್ಳುವುದು ಸುಲಭ. ನನಗೆ ಎರಡನೆಯವಳ ಮಾತೇ ಹೆಚ್ಚು ಸರಿ ಅನ್ನಿಸುತ್ತದೆ. ಎದ್ದವನು ಕಂಪನಿಗೆ ಶರಣಾಗುವುದಿಲ್ಲ. ನಷ್ಟ ಯಾರದೋ ತಲೆಗೆ ಬೀಳುವುದು ಖಂಡಿತ ಎಂದಾದಾಗ ಅದನ್ನು ತನ್ನ ತಲೆಗೆ ತಂದುಕೊಳ್ಳುತ್ತಾನೆ. ಆ ವಿಮಾನದಲ್ಲಿ ಸ್ವಯಂಸೇವಕ ಎಂಬ ಪದಕ್ಕೆ ನಿಜವಾದ ಅರ್ಥ ಬರಬಹುದಾಗಿದ್ದದ್ದು ಆ ಗಳಿಗೆಯಲ್ಲಿ ಮಾತ್ರ. ಹಾಗಂತ ಕೂತವರನ್ನು ದೂರಲಾರೆ. ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿಯುವ ನಾಡಿನವನು ನಾನು. ಒಮ್ಮೆ ಕೂತ ಮೇಲೆ ಆ ಸೀಟು ಮೈಯ ಒಂದು ಭಾಗವೇ ಆಗಿಬಿಡುತ್ತದೆಂದು ಬಲ್ಲೆ. ಜೊತೆಗೆ, ಯಾವನೋ ಸಮವಸ್ತ್ರದವನು ಬಂದು ನಿಂತಾಗ ಅವನು ಮುಖ ಒಡೆಯುವವರೆಗೂ ಹೋಗುತ್ತಾನೆಂದು ಯಾರು ಎಣಿಸಿಯಾರು? ಏಳಬೇಕಾದ ಗಳಿಗೆ ಯಾವುದು ಎಂಬುದು ಅದು ಕಳೆದ ಮೇಲೆ ಗೊತ್ತಾಗುತ್ತದೆ. ಆಗ ಕೈಯಲ್ಲಿ ಫೋನಿರುತ್ತದೆ.

ಆ ಫೋನುಗಳು ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಕೇಳಿಕೊಂಡರೆ ಮುಂಬೈಯ ಒಂದು ಸಂಗತಿ ನೆನಪಾಗುತ್ತದೆ. 2024ರ ಫೆಬ್ರುವರಿಯಲ್ಲಿ ಏರ್ ಇಂಡಿಯಾ ವಿಮಾನದಲ್ಲಿ ಅಮೆರಿಕದಿಂದ ಬಂದಿಳಿದ ವೃದ್ಧ ದಂಪತಿ ಗಾಲಿಕುರ್ಚಿಗೆ ಮೊದಲೇ ಹೇಳಿಟ್ಟಿದ್ದರು. ಸಿಕ್ಕಿದ್ದು ಒಂದು. ಇನ್ನೊಂದು ಬರುವವರೆಗೆ ಕಾಯಿರಿ ಎಂದಿದ್ದೆವು ಎಂದು ಕಂಪನಿ ಹೇಳಿತು. ಹೆಂಡತಿ ಕುರ್ಚಿಯಲ್ಲಿ, ಎಂಬತ್ತು ವರ್ಷದ ಗಂಡ ಪಕ್ಕದಲ್ಲಿ ನಡೆದರು. ದಾರಿಯಲ್ಲಿ ಕುಸಿದವರು ಬದುಕಲಿಲ್ಲ. ವಿಮಾನಯಾನ ಮಹಾನಿರ್ದೇಶನಾಲಯ 30 ಲಕ್ಷ ರೂಪಾಯಿ ದಂಡ ಹಾಕಿತು. ಎರಡು ದಿನ ಸುದ್ದಿಯಾಯಿತು. ಜೀವವೇ ಹೋದದ್ದು ಇಲ್ಲಿ, ಆದರೂ ಷಿಕಾಗೊದ ಮೂಗಿನಷ್ಟು ಅದು ನಮ್ಮನ್ನು ಕೆರಳಿಸಲಿಲ್ಲ. ಇಲ್ಲಿ ಎಳೆದ ಕೈ ಇರಲಿಲ್ಲ, ಇದ್ದದ್ದು ಬಾರದ ಕುರ್ಚಿ. ಬಾರದ ವಸ್ತುವಿನ ವಿಡಿಯೊ ಯಾರು ತೆಗೆಯುತ್ತಾರೆ?

ಆಕ್ರೋಶದ ಇನ್ನೊಂದು ಕೊರತೆ, ಅದಕ್ಕೆ ಶುದ್ಧ ಸಂತ್ರಸ್ತ ಬೇಕು. ಎರಡೇ ದಿನದಲ್ಲಿ ಪತ್ರಿಕೆಗಳು ಆ ವೈದ್ಯರ ಹಳೆಯ ಪ್ರಕರಣವೊಂದನ್ನು ಅಗೆದು ತಂದವು, ಹಿಂದೆ ತಪ್ಪು ಮಾಡಿದವರ ಮೂಗು ಮುರಿಯಬಹುದು ಎಂಬಂತೆ. ಚೀನಾದಲ್ಲಿ ಕೋಟಿಗಟ್ಟಲೆ ಜನ ಅವರು ತಮ್ಮವರೆಂದು ತಿಳಿದು ಕೆರಳಿದರು. ಅವರು ವಿಯೆಟ್ನಾಂ ಮೂಲದವರೆಂದು ಆಮೇಲೆ ಗೊತ್ತಾಯಿತು.

ಇಷ್ಟೆಲ್ಲ ಹೇಳಿದ ಮೇಲೂ ಆ ಕೂಗನ್ನು ನಾನು ಹಗುರವಾಗಿ ಕಾಣಲಾರೆ, ಏಕೆಂದರೆ ಅದು ಕೆಲಸ ಮಾಡಿತು. ಅದೇ ತಿಂಗಳ 27ರಂದು ಕಂಪನಿ ಆ ವೈದ್ಯರೊಂದಿಗೆ ರಾಜಿ ಮಾಡಿಕೊಂಡಿತು. ಸೀಟು ಬಿಡುವವರಿಗೆ 10 ಸಾವಿರ ಡಾಲರುಗಳವರೆಗೂ ಕೊಡಬಹುದೆಂದು, ಸುರಕ್ಷತೆಯ ಕಾರಣವಿಲ್ಲದೆ ಭದ್ರತೆಯವರನ್ನು ಕರೆಸುವುದಿಲ್ಲವೆಂದು ಹೇಳಿತು. ಬಲವಂತವಾಗಿ ಹೊರಗಿಡುವುದು ಆ ವರ್ಷವೇ ಬಹಳ ಕಡಿಮೆಯಾಯಿತು. 2018ರ ಅಕ್ಟೋಬರಿನಲ್ಲಿ, ಬಾಗಿಲಲ್ಲಿ ಬೋರ್ಡಿಂಗ್ ಪಾಸ್ ಒಪ್ಪಿ ಒಳಗೆ ಬಿಟ್ಟ ಪ್ರಯಾಣಿಕನನ್ನು ಸೀಟಿನ ಕೊರತೆಗಾಗಿ ಇಳಿಸುವಂತಿಲ್ಲ ಎಂದು ಕಾನೂನೇ ಬಂತು. ರಕ್ತಕ್ಕಾಗಿ ಎದ್ದ ಕೂಗಿನ ಫಲ, ರಕ್ತ ಸುರಿಸದವರಿಗೆ ಸಿಕ್ಕಿತು.

ಆ ಸಂಜೆ ಎಲ್ಲರನ್ನೂ ಇಳಿಸಿ, ಒಳಗೆಲ್ಲ ತೊಳೆದು, ಮತ್ತೆ ಹತ್ತಿಸಿ, ಎರಡು ಗಂಟೆ ತಡವಾಗಿ ವಿಮಾನ ಹೊರಟಿತು. ನಾಲ್ವರು ಸಿಬ್ಬಂದಿ ಆ ನಾಲ್ಕು ಸೀಟುಗಳಲ್ಲಿ ಕೂತರು. ನಾಚಿಕೆಯಾಗಬೇಕು ನಿಮಗೆ ಎಂದು ಸಹಪ್ರಯಾಣಿಕರು ಅವರನ್ನು ಬೈದರಂತೆ. ಅವರೂ ಹೋಗು ಎಂದ ಕಡೆ ಹೋಗುತ್ತಿದ್ದ ನೌಕರರು. ಎದ್ದು ಹೋದ ಮೂವರು ಅಷ್ಟು ಹೊತ್ತಿಗೆ ನಿಲ್ದಾಣದ ಯಾವುದೋ ಕೌಂಟರಿನ ಮುಂದೆ ನಿಂತು, ಮರುದಿನದ ವಿಮಾನದಲ್ಲಿ ಜಾಗವಿದೆಯೇ ಎಂದು ಕೇಳುತ್ತಿದ್ದಿರಬೇಕು.